ಹದಿನೇಳನೇ ನಂಬರಿನ ಚೌಕಟ್ಟು

ನಮ್ಮ ಮನೆಗೆ ಓಣಿಯ ಹೆಸರಿರಲಿಲ್ಲ. ಯಾರಾದರೂ ಕಾಗದ ಬರೆದರೆ ಹಳಿಯ ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರು ಹಾಕಿ, ಕೆಳಗೆ ಗ್ಯಾಂಗ್ ಚಾಳ ಎಂದು ಬರೆಯಬೇಕಿತ್ತು. ಚಿಂಚಲಿಗೂ ಕುಡಚಿಗೂ ನಡುವೆ ಎತ್ತ ನೋಡಿದರೂ ಕಬ್ಬು, ಕಬ್ಬಿನ ನಡುವೆ ಹಳಿ, ಹಳಿಯ ಮಗ್ಗುಲಿಗೆ ಒಂದೇ ಸಾಲಿನಲ್ಲಿ ಆರು ಖೋಲಿ. ಜಲ್ಲಿ ತುಂಬುವ, ಸ್ಲೀಪರ್ ಬದಲಿಸುವ, ಬಿಸಿಲಲ್ಲಿ ಹಳಿ ಬಡಿಯುವ ಗ್ಯಾಂಗಿನ ಮಂದಿ ಅಲ್ಲಿ ಇರುತ್ತಿದ್ದರು. ನಮ್ಮಪ್ಪನೂ ಅವರಲ್ಲಿ ಒಬ್ಬ.

ಊರು ಇದ್ದದ್ದು ರೈಲ್ವೆ ಗೇಟಿನ ಆಚೆ. ಊರವರಿಗೆ ನಾವು ರೈಲ್ವೆ ಮಂದಿ, ಅಂದರೆ ಎಲ್ಲಿಂದಲೋ ಬಂದವರು, ಯಾವ ಜಾತಿಯೋ ಏನೋ. ಕಬ್ಬಿನ ಸಾವ್ಕಾರ ತನ್ನ ಬೋರಿನ ನೀರು ಕೊಡುತ್ತಿದ್ದ, ಇಲ್ಲ ಅನ್ನುವುದಿಲ್ಲ. ಆದರೆ ಕೊಡ ಕೆಳಗಿಟ್ಟು ಆರು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಆಳು ಬಂದು ಪೈಪು ಹಿಡಿಯುತ್ತಿದ್ದ. ಅದೇ ಸಾವ್ಕಾರ ರೈಲು ಹತ್ತಿ ಮಿರಜಿಗೆ ಹೋಗುವಾಗ ಈ ಹಳಿಯನ್ನು ಯಾರು ಮುಟ್ಟಿದ್ದಾರೆ ಎಂದು ಒಂದು ದಿನವೂ ಕೇಳಲಿಲ್ಲ. ಈ ಮಾತು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ಅಪ್ಪ ಕಾಮಾಲೆಯಾಗಿ ಸತ್ತ. ಅವನ ಬದಲಿ ನೌಕರಿ ಅವ್ವನಿಗೆ ಸಿಗಬೇಕಿತ್ತು. ತಪಾಸಣೆಯಲ್ಲಿ ಡಾಕ್ಟರರು ಗೋಡೆಗೆ ಅಂಟಿಸಿದ ಅಕ್ಷರ ತೋರಿಸಿ ಓದು ಅಂದರು. ಅವ್ವನಿಗೆ ಓದಲು ಬಾರದು. ಬಂದಿದ್ದರೂ ಕಾಣುತ್ತಿರಲಿಲ್ಲ, ಒಂದು ಕಣ್ಣಿಗೆ ಪರೆ ಬಂದಿತ್ತು. ನೌಕರಿ ಹೋಯಿತು. ನೌಕರಿಯ ಹಿಂದೆಯೇ ಖೋಲಿಯೂ ಹೋಯಿತು. ಬಿಡಿ ಅಂದರು, ಬಿಟ್ಟೆವು. ಚಾಳದ ಹಿಂದೆ, ರೈಲ್ವೆಯ ತಂತಿ ಬೇಲಿಗೂ ಸಾವ್ಕಾರನ ಕಬ್ಬಿಗೂ ನಡುವೆ ಯಾರಿಗೂ ಬೇಡದ ಒಂದು ಪಟ್ಟಿ ನೆಲವಿತ್ತು. ಅಲ್ಲಿ ಅದಾಗಲೇ ಮೂರು ಗುಡಿಸಲು ಎದ್ದಿದ್ದವು. ಅವ್ವ ನಾಲ್ಕನೆಯದನ್ನು ಎಬ್ಬಿಸಿದಳು.

ಗ್ಯಾಂಗಿನ ಮಂದಿಗೆ ಒಂದು ಪದ್ಧತಿ. ತಮ್ಮವನೊಬ್ಬ ಸತ್ತು ಅವನ ಹೆಂಡತಿ ಚಾಳ ಬಿಟ್ಟರೆ, ಅವಳು ಎಲ್ಲೇ ಗುಡಿಸಲು ಹಾಕಲಿ, ಬಾಗಿಲನ್ನು ಗ್ಯಾಂಗಿನವರೇ ಕೂಡಿಸಿಕೊಡಬೇಕು. ಅದೂ ಯಾವುದೋ ಬಾಗಿಲಲ್ಲ. ಅವನು ಮೊದಲ ಸಲ ಅವಳನ್ನು ಕರಕೊಂಡು ಬಂದ ಖೋಲಿಯದೇ ಆಗಬೇಕು. ಸಿಗದಿದ್ದರೆ ಮಾತ್ರ ಬೇರೆ. ಗಂಡ ಹೋದ ಮೇಲೂ ಅದೇ ಹೊಸ್ತಿಲು ದಾಟಿ ಒಳಗೆ ಹೋಗಲಿ ಎಂದು. ಅಪ್ಪ ಅವ್ವನನ್ನು ಕರೆತಂದದ್ದು ರಾಯಬಾಗದ ಆಚೆಗಿನ ಒಂದು ಹಳೆಯ ಚಾಳಕ್ಕೆ. ನಾನು ಹುಟ್ಟಿದ್ದೂ ಅಲ್ಲೇ. ಆ ಚಾಳ ಆಗಲೇ ಬಿದ್ದು ಹಾಳಾಗಿತ್ತು. ಗ್ಯಾಂಗಿನ ಹಿರಿಯ, ಮೇಟ್ ಎಂದು ಎಲ್ಲರೂ ಕರೆಯುತ್ತಿದ್ದವನು, ನಾಲ್ಕು ಆಳುಗಳನ್ನು ಕರಕೊಂಡು ಹೋಗಿ ನಮ್ಮ ಹಳೆಯ ಖೋಲಿಯ ಸಾಗವಾನಿ ಚೌಕಟ್ಟನ್ನು ಬಾಗಿಲ ಸಮೇತ ಕಿತ್ತು, ತಳ್ಳುವ ಟ್ರಾಲಿಯ ಮೇಲೆ ಹಳಿಗುಂಟ ತಂದ.

"ವೈನಿ, ಎಲ್ಲಿ ಕೂಡ್ಸೂಣು?" ಎಂದು ಕೇಳಿದ. ಗ್ಯಾಂಗಿಗೆಲ್ಲ ಅವ್ವ ವೈನಿ, ಅಂದರೆ ಅತ್ತಿಗೆ. ಹಾಗೆ ಕೇಳುವುದೂ ಪದ್ಧತಿಯೇ. ವಿಧವೆ ಕೈ ಮಾಡಿ ತೋರಿಸಬೇಕು, ಅವರು ಕೂಡಿಸಬೇಕು. ಅವ್ವ ಹಳಿಯ ಕಡೆಗೆ ಕೈ ಮಾಡಿದಳು.

ಸುತ್ತ ಕಬ್ಬಿನ ಒಣಗರಿಯ, ಅಂದರೆ ರವದಿಯ ಗೋಡೆ, ಮೇಲೆ ಹರಕು ತಗಡಿನ ಪತ್ರಾ, ನಡುವೆ ಅರಮನೆಗೆ ಹೊಂದುವಂಥ ಆ ಚೌಕಟ್ಟು. ನೋಡಿದವರು ನಗುತ್ತಿದ್ದರು. ಅದರ ಮೇಲಿನ ಅಡ್ಡಪಟ್ಟಿಯಲ್ಲಿ ಡಾಂಬರಿನಿಂದ ೧೭ ಎಂದು ಬರೆದು ಸುತ್ತ ಒಂದು ಗೆರೆ ಎಳೆದಿತ್ತು. ಹಳೆಯ ಚಾಳದಲ್ಲಿದ್ದಾಗ, ಎಂಬತ್ತೊಂದರ ಜನಗಣತಿಯವರು ಬರೆದದ್ದು. ಅವ್ವನಿಗೆ ಆ ನಂಬರೆಂದರೆ ಪ್ರಾಣ. "ಸರಕಾರ ಬರದೈತಿ, ಇದನ್ನ ಯಾವ ಮಗನೂ ಅಳಸಾಂಗಿಲ್ಲ" ಅನ್ನುತ್ತಿದ್ದಳು. ಶುಕ್ರವಾರ ಹೊಸ್ತಿಲು ತೊಳೆದು, ಮೇಲೆ ಕೈ ಚಾಚಿ, ಬೆರಳಲ್ಲಿ ನಂಬರನ್ನು ತಡವಿ ಹುಡುಕಿ ಅದಕ್ಕೆ ಕುಂಕುಮ ಇಡುತ್ತಿದ್ದಳು. ತನ್ನ ಹಣೆಗೆ ಇಲ್ಲದ್ದನ್ನು ಆ ಡಾಂಬರಿಗೆ ಇಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ, ನಂಬರಿಗೆ ಯಾಕ ಪೂಜಿ ಮಾಡ್ತಿ, ಹುಚ್ಚಿ ಏನು ನೀ ಅಂದೆ. ಸೌಟು ತಗೊಂಡು ಬೆನ್ನಿಗೆ ಬಾರಿಸಿದಳು. ಅವ್ವ ಮುದ್ದು ಮಾಡುವ ಪೈಕಿ ಅಲ್ಲ.

ತೊಂಬತ್ತೊಂದರಲ್ಲಿ ಮತ್ತೆ ಜನಗಣತಿ ಬಂತು. ಮನೆಮನೆ ಬರೆಯಲು ಬಂದವರು ನನ್ನದೇ ಸಾಲಿಯ ಮಾಸ್ತರರು. ನಾನಾಗ ಹೈಸ್ಕೂಲಿನ ಹುಡುಗಿ. ಮೊದಲ ಮೂರು ಗುಡಿಸಲ ಬಾಗಿಲಿಗೆ ಬರೇ ಪತ್ರಾ ಇತ್ತು, ನಂಬರು ಇರಲಿಲ್ಲ. ಮಾಸ್ತರರು ಸುಣ್ಣದಲ್ಲಿ ಅದ್ದಿದ ಕಡ್ಡಿಯಿಂದ ಒಂದೊಂದಕ್ಕೂ ನಂಬರು ಹಾಕಿ, ಪಟ್ಟಿಯಲ್ಲಿ ಬರೆದುಕೊಂಡು ನಮ್ಮ ಕಡೆ ಬಂದರು. ಕತ್ತೆತ್ತಿ ನೋಡಿದರು.

"ಅಯ್ಯ, ನಿಮ್ದು ಬರದೈತಲ್ಲವಾ!" ಅಂದರು. "ನಮ್ಮ ಮಂದಿ ಮೊದ್ಲ ಬಂದ್ ಹೋಗ್ಯಾರೇನ ಹಂಗಾರ?"

"ಹೌದ್ರಿ ಮಾಸ್ತರ, ಸರಕಾರದ್ದ ಅದು," ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಅವರು ಕೇಳಿದ್ದೇ ಒಂದು, ಇವಳು ಹೇಳಿದ್ದೇ ಒಂದು. ಇಬ್ಬರಿಗೂ ಸಮಾಧಾನವಾಯಿತು. ಬಿಸಿಲು ಬಹಳ ಇತ್ತು. ಅವ್ವ ಹೊರಸಿನ ಮೇಲೆ ಕೂಡಿಸಿ ಚಹಾ ಕೊಟ್ಟಳು. ಅವಳು ಒಳಗೆ ಹೋದದ್ದೇ ತಡ, ಮಾಸ್ತರರು ಕಪ್ಪನ್ನು ಹೊರಸಿನ ಕೆಳಗೆ ಬಗ್ಗಿಸಿ ಚಹಾ ಮಣ್ಣಿಗೆ ಚೆಲ್ಲಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಪಟ್ಟಿ ಮಡಚಿ ಬಗಲಿಗಿಟ್ಟುಕೊಂಡು, ನಮ್ಮನ್ನು ಬರೆಯದೆ ಹೋದರು. ಆ ಹೊತ್ತಿಗೆ ನನಗೆ ಚಹಾದ ಸಿಟ್ಟೇ ದೊಡ್ಡದಾಗಿತ್ತು.

ಆಮೇಲೆ ನಾನು ಟೀಚರ್ ಟ್ರೇನಿಂಗ್ ಮುಗಿಸಿ, ರಾಯಬಾಗದ ಹತ್ತಿರ ಒಂದು ಸಾಲಿಗೆ ಸೇರಿ, ಅಲ್ಲೇ ಬಾಡಿಗೆ ಖೋಲಿ ಹಿಡಿದೆ. ಅವ್ವ ಬರಲೊಲ್ಲೆ ಅಂದಳು. ಬಾಡಿಗಿ ಮನ್ಯಾಗ ಸತ್ರ ಹೆಣಾ ಹೊರಗ ಇಡ್ತಾರ, ನಾ ನನ್ನ ಹೊಸ್ತಿಲದಾಗ ಸಾಯ್ತೀನಿ ಅಂತ ಅವಳ ವಾದ. ಕಬ್ಬಿನಲ್ಲಿ ಕಸ ತೆಗೆದು, ಒಂದು ಎಮ್ಮೆ ಕಟ್ಟಿಕೊಂಡು ಅಲ್ಲೇ ಉಳಿದಳು.

ಅಷ್ಟರಲ್ಲಿ ಹಳಿ ಅಗಲ ಮಾಡುವ ಸುದ್ದಿ ಬಂತು. ಚಾಳ ಕೆಡವುತ್ತಾರೆ, ಹಿಂದಿನ ಗುಡಿಸಲುಗಳನ್ನೂ ಕೀಳುತ್ತಾರೆ. ಊರ ದನ ಮೇಯುವ ಗಾಯರಾಣದಲ್ಲಿ ಗುಡಿಸಲಿನವರಿಗೆ ಜಾಗ ಕೊಡುತ್ತಾರಂತೆ, ಆದರೆ ತೊಂಬತ್ತೊಂದರ ಜನಗಣತಿಯ ಪಟ್ಟಿಯಲ್ಲಿ ಮನೆ ಇದ್ದವರಿಗೆ ಮಾತ್ರ. ತಾಲೂಕಿನ ಸಾಹೇಬ ಪಟ್ಟಿ ಹಿಡಿದು ಬಂದು ನೋಡುತ್ತಾನಂತೆ. ಒಂದು ಗುಡಿಸಲು, ಒಂದು ಎಮ್ಮೆ, ಒಂದು ಹಿತ್ತಲು ಹಿಡಿಸುವಷ್ಟು ಜಾಗ. ಅವ್ವ ಜೀವಮಾನದಲ್ಲಿ ಸರ್ಕಾರದಿಂದ ಬಯಸಿದ್ದು ಅದೊಂದೇ. ಅವಳಿಗೆ ಚಿಂತೆಯೂ ಇರಲಿಲ್ಲ. ನೆರೆಯ ಹೆಂಗಸರ ಮುಂದೆ ಚೌಕಟ್ಟಿಗೆ ಕೈ ಮಾಡಿ, "ನಿಮ್ದೆಲ್ಲಾ ಸುಣ್ಣದ್ದು, ಮಳಿ ಬಂದ್ರ ತೊಳಕೊಂಡ ಹೋಗತೈತಿ. ನಂದು ಡಾಂಬರದ್ದು" ಎಂದು ಹೇಳಿಕೊಂಡಳಂತೆ.

ಸಾಲಿಯವರನ್ನು ಕಲಿಸುವ ಕೆಲಸವೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸಕ್ಕೂ ಕರೆಯುತ್ತಾರಲ್ಲ, ಹಾಗೆ ಆ ವರ್ಷ ನನ್ನನ್ನು ಮತದಾರರ ಪಟ್ಟಿ ನಕಲು ಮಾಡಲು ತಾಲೂಕಿನ ಕಚೇರಿಗೆ ಹಾಕಿದ್ದರು. ಅಲ್ಲಿಯ ಕಾರಕೂನ ಬಾಯಿ ಕೆಟ್ಟವನಾದರೂ ರೆಕಾರ್ಡ್ ಖೋಲಿಯ ಬೀಗ ತೆಗೆದುಕೊಟ್ಟ. "ಇವು ಇಲ್ಲಿ ಇರಬಾರದವ್ರಿ ಬಾಯಾರ, ಮ್ಯಾಲಿನವ್ರು ಒಯ್ಯಲಿಲ್ಲ, ಇಲಿ ತಿಂತಾವ" ಎಂದು ಗಂಟುಗಳನ್ನು ತೋರಿಸಿದ. ಇಲಿ ತಿಂದು ಉಳಿದದ್ದರಲ್ಲಿ ನಮ್ಮ ಊರಿನ ತೊಂಬತ್ತೊಂದರ ಮನೆಪಟ್ಟಿ ಸಿಕ್ಕಿತು. ಮಾಸ್ತರರ ಗುಂಡಗಿನ ಅಕ್ಷರ. ಗೇಟು ದಾಟಿ ಮೊದಲ ಗುಡಿಸಲು, ಎರಡನೆಯದು, ಮೂರನೆಯದು. ಅಲ್ಲಿಗೆ ಕೆಳಗೆ ಒಂದು ಗೆರೆ, ಸಹಿ, ಮುಗಿಯಿತು.

ನಾಲ್ಕನೆಯದು ಇರಲಿಲ್ಲ. ಬೇರೆಲ್ಲಾದರೂ ಬರೆದಿರಬಹುದೆಂದು ಹದಿನೇಳನೇ ನಂಬರು ಹುಡುಕಿದೆ. ಇತ್ತು. ಎದುರಿಗೆ, ಸಾವ್ಕಾರರ ದನದ ಕೊಟ್ಟಿಗೆ ಎಂದಿತ್ತು. ಜನಗಣತಿಯಲ್ಲಿ ಕೊಟ್ಟಿಗೆ, ಅಂಗಡಿ, ಗುಡಿ ಎಲ್ಲಕ್ಕೂ ನಂಬರು ಕೊಡುತ್ತಾರೆ. ಗೋಡೆ, ಮಾಡು, ಮಣ್ಣಿನ ನೆಲ ಎಂದು ಮೂರೂ ಕಾಲಮ್ಮು ಚೊಕ್ಕವಾಗಿ ತುಂಬಿದ್ದರು. ನಮ್ಮವ್ವನಿಗೆ ಇಲ್ಲದ ಗೆರೆ ಸಾವ್ಕಾರನ ಎಮ್ಮೆಗಳಿಗೆ ಇತ್ತು.

ಮರುದಿನ ಮತ್ತೊಂದು ಗಂಟು ಬಿಚ್ಚಿದೆ. ರಾಯಬಾಗದ ಆಚೆಯ ಹಳೆಯ ಚಾಳದ್ದು, ಎಂಬತ್ತೊಂದರದು. ಅದರಲ್ಲಿ ಹದಿನೇಳು: ರೈಲ್ವೆ ಚಾಳ, ಯಜಮಾನ ಎಂದು ನಮ್ಮಪ್ಪನ ಹೆಸರು, ಇರುವವರು ಮೂರು ಮಂದಿ. ಆ ಮೂರರಲ್ಲಿ ಒಬ್ಬಳು ನಾನು. ಅಪ್ಪನ ಹೆಸರನ್ನು ಸರ್ಕಾರದ ಅಕ್ಷರದಲ್ಲಿ ನೋಡಿದ್ದು ಅದೇ ಮೊದಲು. ಆ ಧೂಳಿನಲ್ಲಿ ಕೂತು ಅತ್ತೆ. ಅಪ್ಪನಿಗಾಗಿ ಅಲ್ಲ. ಮಾಸ್ತರರು ಯಾಕೆ ಬರೆಯಲಿಲ್ಲ ಎನ್ನುವುದು ಆಗ ಹೊಳೆಯಿತು, ಅದಕ್ಕೆ. ಗ್ಯಾಂಗಿನವರು ಅಷ್ಟು ದೂರದಿಂದ ತಳ್ಳಿಕೊಂಡು ಬಂದ ಆ ಚೌಕಟ್ಟು ಇರದೆ, ನಮಗೂ ಉಳಿದವರ ಹಾಗೆ ಹಾಳು ಪತ್ರಾ ಇದ್ದಿದ್ದರೆ, ಸುಣ್ಣದ ನಂಬರು ಬೀಳುತ್ತಿತ್ತು.

ನೇರ ಮಾಸ್ತರರ ಮನೆಗೆ ಹೋದೆ. ಆಗ ಅವರು ನಿವೃತ್ತರಾಗಿ, ಊರೊಳಗೆ ಹೊಸ ಮನೆ ಕಟ್ಟಿಸಿದ್ದರು. ಅವರ ಮಗಳು ನನ್ನ ಜೊತೆ ಕಲಿತವಳು, ಒಳ್ಳೆಯ ಹುಡುಗಿ; ಒಳಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು. ನಾನು ಎಲ್ಲ ಹೇಳಿ, "ನಾಲ್ಕನೇ ಗುಡಿಸಲ ಬಿಟ್ಟೀನಿ ಅಂತ ಒಂದ ಚೀಟಿ ಬರದ ಕೊಡ್ರಿ ಮಾಸ್ತರ, ಸಾಹೇಬ್ರಿಗೆ ತೋರಸ್ತೀನಿ" ಅಂದೆ.

ಮಾಸ್ತರರು ಬಹಳ ಹೊತ್ತು ಕನ್ನಡಕ ಒರೆಸಿದರು. "ತಂಗಿ, ಹಂಗ ಬರದ್ರ ನಾ ಕೆಲಸಾ ಸರಿ ಮಾಡಿಲ್ಲ ಅಂತ ನಾನ ಒಪ್ಪಿಕೊಂಡಂಗ ಆತು. ನನ್ನ ಪೆನ್ಶನ್ ಕಾಗದ ಇನ್ನಾ ಮ್ಯಾಲ ಅದಾವ."

"ನಮ್ಮವ್ವ ಎಲ್ಲಿ ಹೋಗಬೇಕ್ರಿ?"

"ನೀ ನೌಕರಿ ಮಾಡ್ತಿ. ನಿನ್ ಹಂತೇಕ ಇಟ್ಕೊ. ಅದಕ್ಕೂ ಸರಕಾರನ ಬೇಕೇನ?" ಅಂದರು. ಆಮೇಲೆ ಮಗಳ ಕಡೆ ತಿರುಗಿ, "ಆಕಿಗೆ ಚಹಾ ಕೊಡು" ಎಂದರು. ನಾನು ಎದ್ದು ಬಂದೆ.

ಅವ್ವನಿಗೆ ಹೇಳದೆ ಇರುವಂತಿರಲಿಲ್ಲ. ಕೊಟ್ಟಿಗೆಯ ಮಾತೊಂದನ್ನು ಬಿಟ್ಟು ಎಲ್ಲ ಹೇಳಿದೆ. ಸಾಹೇಬ ಬರುವ ಮೊದಲು ಆ ನಂಬರನ್ನು ಕೆರೆದುಬಿಡೋಣ, ಬರಿಗೈಯಲ್ಲಿ ನಿಂತರೆ ಕರುಣೆಯಾದರೂ ಬಂದೀತು ಅಂದೆ. ಅವ್ವ ಕುಡುಗೋಲು ಹಿಡಿದು ಚೌಕಟ್ಟಿಗೆ ಅಡ್ಡ ನಿಂತಳು. "ನಿನ್ನ ಸಾಲಿ ಸುಡ್ಲಿ! ಅಪ್ಪನ ನಂಬರ ಕೆರಿತಾಳಂತ ಮುದೇವಿ. ನಾಲ್ಕ ಅಕ್ಷರ ಕಲ್ತಿ ಅಂತ ನನ್ನ ಬಾಗಲಾನ ಸುಳ್ಳ ಮಾಡ್ತಿ?" ಎಂದು ಕೂಗಾಡಿದಳು. "ನೀ ಹುಟ್ಟಿದ್ದೂ ಇದ ಬಾಗಲದಾಗ. ಇದು ಸುಳ್ಳಾದ್ರ ನೀನೂ ಸುಳ್ಳ." ನನಗೂ ತಲೆ ಕೆಟ್ಟಿತು. ಹಾಗಾದರೆ ಈ ಕಟ್ಟಿಗೆಯನ್ನೇ ಕಟ್ಟಿಕೊಂಡು ಸಾಯಿ ಎಂದು ಹೇಳಿ ಹೊರಗೆ ಬಂದೆ. ಹೆತ್ತ ತಾಯಿಗೆ ಆಡುವ ಮಾತೇ ಅದು? ಆಡಿದೆ. ನಮ್ಮ ಮನೆಯಲ್ಲಿ ಮಾತು ಹಾಗೇ ಇತ್ತು.

ಸಾಹೇಬ ಬಂದ ದಿನ ಅವ್ವ ತಲೆ ತೊಳೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಹೊಸ್ತಿಲಿಗೆ ಅರಿಶಿನ, ನಂಬರಿಗೆ ಕುಂಕುಮ, ಮೇಲೊಂದು ದಾಸವಾಳ. ಜೀಪಿನಿಂದ ಸಾಹೇಬ, ಕಾರಕೂನ, ಜೊತೆಗೆ ಸಾವ್ಕಾರ ಇಳಿದರು. ಮೂರು ಗುಡಿಸಲಿಗೆ ಟಿಕ್ ಬಿತ್ತು. ನಮ್ಮ ಬಾಗಿಲಿಗೆ ಬಂದಾಗ ಅವ್ವ ಮೇಲಕ್ಕೆ ಕೈ ತೋರಿಸಿದಳು.

ಕಾರಕೂನ ಪಟ್ಟಿ ತಿರುವಿದ. ಬೆರಳು ನಿಂತಿತು. ಅವನ ಮುಖದ ಮೇಲೆ ನಗು ಹರಡಿದ್ದನ್ನು ನಾನು ನೋಡಿದೆ.

"ಸಾಹೇಬ್ರ, ಹದಿನೇಳ ಅಂದ್ರ ಸಾವ್ಕಾರ್ರ ಎಮ್ಮಿ ಕೊಟಗಿ ಐತ್ರಿ," ಅಂದ. ಅವ್ವನ ಕಡೆ ತಿರುಗಿ, "ಏನಬೇ ಯವ್ವಾ, ಹೊತ್ತಿಗೆ ಹಾಲೆಷ್ಟ ಕೊಡ್ತೀ?"

ಸಾವ್ಕಾರ ಹೊಟ್ಟೆ ಕುಲುಕಿಸಿ ನಕ್ಕ. ಸಾಹೇಬನೂ ಕರ್ಚೀಪು ಬಾಯಿಗೆ ಹಿಡಿದ. ನಮ್ಮ ನೆರೆಯ ಮೂರು ಗುಡಿಸಲಿನವರು, ದಿನಾ ಅವ್ವನ ಹತ್ತಿರ ಮಜ್ಜಿಗೆ ಇಸಿದುಕೊಂಡವರು, ಅವರೂ ನಕ್ಕರು. ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರೆ, ಕೆಲಸ ಆಯಿತು ಅಂದುಕೊಂಡು ತಾನೂ ನಕ್ಕಳು. ಆ ನಗುವನ್ನು ನಾನು ಮರೆಯಲಾರೆ, ಕ್ಷಮಿಸಲೂ ಆರೆ.

ನಾನು ನಡುವೆ ನುಗ್ಗಿ ಚೌಕಟ್ಟು ಬಂದ ಕಥೆ ಹೇಳಿದೆ, ಹಳೆಯ ಚಾಳದ ಪಟ್ಟಿಯ ಮಾತೂ ಹೇಳಿದೆ. ಸಾಹೇಬ ಸಮಾಧಾನದಿಂದ ಕೇಳಿದ. "ಹಂಗಾರ ನೀವ ಹೇಳ್ದಂಗ ಈಕಿ ಮನಿ ಅಲ್ಲೈತಿ. ಅಲ್ಲೇ ಹೋಗಿ ಜಾಗಾ ಕೇಳ್ರಿ."

"ಅಲ್ಲಿ ಚಾಳ ಬಿದ್ದು ವರ್ಷಾದುವ್ರಿ. ಬರೇ ಕಲ್ಲ ಅದಾವ. ಈಕಿ ಇಲ್ಲೇ ಇದ್ದಾಳ, ಎಲ್ಲಾರೂ ನೋಡ್ಯಾರ."

"ನೋಡಿದ್ದಕ್ಕ ಜಾಗಾ ಕೊಡಾಂಗಿಲ್ಲ ಬಾಯಾರ, ಬರದದ್ದಕ್ಕ ಕೊಡ್ತೀವಿ," ಎಂದು ಹೇಳಿ ಜೀಪು ಹತ್ತಿದ. ರೇಶನ್ ಕಾರ್ಡು ಹಿಡಿದು ಹಿಂದೆ ಓಡಿದೆ. ಚಾಳದ ವಿಳಾಸ ಐತಿ, ಅದು ರೈಲ್ವೆದು, ನಮಗ ಸಂಬಂಧಿಲ್ಲ ಎಂದು ಕಾರಕೂನ ತಿರುಗಿಸಿ ಕೊಟ್ಟ.

ಕೀಳುವ ಕೆಲಸ ಬಿದ್ದದ್ದು ಗ್ಯಾಂಗಿನವರ ಮೇಲೆಯೇ. ಅಪ್ಪನ ಜೊತೆ ಹಳಿ ಬಡಿದವರೇ ಹಾರೆ ಹಿಡಿದು ಬಂದರು. ಮೇಟ್ ಮುದುಕನಾಗಿದ್ದ, ನಿವೃತ್ತಿಯ ಹೊಸ್ತಿಲಲ್ಲಿದ್ದ. ರವದಿಯ ಗೋಡೆ ಒಂದು ಒದೆಗೆ ಬಿತ್ತು. ಪತ್ರಾ ಜಾರಿತು. ಚೌಕಟ್ಟನ್ನು ಮಾತ್ರ ಅವರು ಸುತ್ತ ಮಣ್ಣು ಅಗೆದು, ನೋವಾಗದ ಹಾಗೆ ಎತ್ತಿ ನಿಲ್ಲಿಸಿ ಹಿಡಿದುಕೊಂಡರು. ಮೇಟ್ ಪದ್ಧತಿ ಬಿಡಲಿಲ್ಲ. ಕಣ್ಣೀರು ಸುರಿಯುತ್ತಿದ್ದರೂ ಕೇಳಿದ:

"ವೈನಿ, ಎಲ್ಲಿ ಕೂಡ್ಸೂಣು?"

ಅವ್ವ ಸುತ್ತ ನೋಡಿದಳು. ಹಳಿ ನೋಡಿದಳು, ಕಬ್ಬು ನೋಡಿದಳು. ನನ್ನ ಕಡೆ ನೋಡಲಿಲ್ಲ. ಆಮೇಲೆ ಊರ ಕಡೆ ಕೈ ಮಾಡಿ ನಡೆದಳು. ನಾಲ್ವರು ಚೌಕಟ್ಟು ಹೆಗಲ ಮೇಲೆ ಹೊತ್ತು ಹಿಂದೆ ಹೊರಟರು. ಗೇಟು ದಾಟಿ, ಸಾವ್ಕಾರನ ಕೊಟ್ಟಿಗೆ ದಾಟಿ, ಮಾಸ್ತರರ ಹೊಸ ಮನೆಯ ಅಂಗಳದಲ್ಲಿ ನಿಂತಳು.

"ಇಲ್ಲಿ ಕೂಡ್ಸರಿ."

ಮಾಸ್ತರರು ಹೊರಗೆ ಬರುವಷ್ಟರಲ್ಲಿ ಗುಂಡಿ ತೋಡಿ ಆಗಿತ್ತು. ಅವರ ಬಾಗಿಲಿಗೆ ಎದುರಾಗಿ, ಗೋಡೆಯಿಲ್ಲದ ಬಾಗಿಲು ನೆಟ್ಟಗೆ ನಿಂತಿತು. ಅವ್ವ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ನಂಬರಿಗೆ ಒರೆಸಿದಳು. "ಬರದೈತಿ ಅಂದಿದ್ರಲ್ಲ ಮಾಸ್ತರ, ಇನ್ನ ನೀವ ಜ್ವಾಕಿ ಮಾಡ್ರಿ" ಎಂದಳು. ಓಣಿಯ ಮಂದಿಯೆಲ್ಲ ನೆರೆದಿತ್ತು.

ಅವ್ವ ನನ್ನ ಬಾಡಿಗೆ ಖೋಲಿಗೆ ಬಂದಳು. ಎಮ್ಮೆ ಮಾರಿದೆವು. ಆ ಖೋಲಿಯ ಬಾಗಿಲಿಗೆ ಅವಳು ಒಂದು ದಿನವೂ ನೀರು ಹಾಕಲಿಲ್ಲ, ಕುಂಕುಮ ಇಡಲಿಲ್ಲ. ನನ್ನ ಜೊತೆ ಮಾತೂ ಅಷ್ಟಕ್ಕಷ್ಟೆ. ಊಟಕ್ಕೆ ಕರೆದರೆ, ಕೊಟಗ್ಯಾಗಿನ ಎಮ್ಮಿಗೆ ಹಾಕು ಮೊದ್ಲ ಅನ್ನುತ್ತಿದ್ದಳು.

ಚೌಕಟ್ಟನ್ನು ಕೀಳಲು ಊರಲ್ಲಿ ಯಾವ ಆಳೂ ಒಪ್ಪಲಿಲ್ಲವಂತೆ. ಮುಂಡೆಯೊಬ್ಬಳು ಕುಂಕುಮ ಹಚ್ಚಿ ನೆಟ್ಟದ್ದು, ಮುಟ್ಟಿದವನ ಮನೆ ನಿಲ್ಲುವುದಿಲ್ಲ ಎಂದು ಹೆದರಿದರಂತೆ. ಮಾಸ್ತರರ ಮಗಳನ್ನು ನೋಡಲು ಏಕಸಂಬಿಯಿಂದ ಬಂದ ಬೀಗರು, ಅಂಗಳದಲ್ಲಿ ಮನೆಯಿಲ್ಲದ ಬಾಗಿಲು ಕಂಡು ಚಪ್ಪಲಿ ಬಿಡದೆ ತಿರುಗಿ ಹೋದರು. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಆ ಹುಡುಗಿ ನಕ್ಕದ್ದು ನೆನಪಾದ ಮೇಲೂ ಖುಷಿ ಕಡಿಮೆಯಾಗಲಿಲ್ಲ.

ಕೊನೆಗೆ ಒಂದು ರವಿವಾರ ಮುಂಜಾನೆ ಮಾಸ್ತರರು ನಮ್ಮ ಖೋಲಿಗೆ ಬಂದರು. ಸೊರಗಿದ್ದರು. ಅವ್ವ ಏನೂ ಆಗದವಳ ಹಾಗೆ ಸ್ಟೂಲು ಹಾಕಿ ಚಹಾ ಕೊಟ್ಟಳು. ಈ ಸಲ ಕಪ್ಪು ಬರಿದಾಗುವ ತನಕ ಕುಡಿದರು. ಆಮೇಲೆ ಕಿಸೆಯಿಂದ ಒಂದು ಚೀಟಿ ತೆಗೆದರು. ನಾಲ್ಕನೇ ಗುಡಿಸಲನ್ನು ತಪ್ಪಿ ಬಿಟ್ಟಿದ್ದೇನೆ ಎಂದು ಬರೆದು ಸಹಿ ಮಾಡಿದ್ದರು. ಆ ಹೊತ್ತಿಗೆ ಗಾಯರಾಣದ ಜಾಗವೆಲ್ಲ ಹಂಚಿ ಮುಗಿದಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಯವ್ವಾ, ನನ್ ಮಗಳ ಮಾರಿ ನೋಡು. ಅದನ್ನ ತಗಸು. ನೀ ಬಂದ್ ಮುಟ್ಟಿದ್ರ ಮಂದಿ ಕೈ ಹಚ್ತಾರ," ಎಂದು ಕೈ ಮುಗಿದರು.

ಅವ್ವ ಚೀಟಿಯನ್ನು ಇಸಿದುಕೊಂಡು, ನಂಬರನ್ನು ತಡವುತ್ತಿದ್ದ ಹಾಗೆಯೇ ಬೆರಳಿಂದ ತಡವಿದಳು. ಮಡಚಿ ಅವರ ಕೈಗೇ ತಿರುಗಿಸಿ ಕೊಟ್ಟಳು.

"ಈಗ ಬರ್ತೀನೇಳ್ರಿ ಮಾಸ್ತರ, ನನ್ನ ಕೈಯಾರೆ ತಗೀತೀನಿ," ಅಂದಳು. "ಎಲ್ಲಿ ಕೂಡಸ್ಲಿ, ಜಾಗಾ ತೋರಸ್ರಿ."

ಮಾಸ್ತರರು ಚೀಟಿಯನ್ನು ಬಿಚ್ಚಿ ಮತ್ತೆ ಮಡಚುತ್ತಾ ಕೂತರು. ಅವ್ವ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಅವರು ಏಳಲೆಂದು ಬಾಗಿಲಲ್ಲಿ ಕಾಯುತ್ತಾ ನಿಂತಳು.